ಹಗೇವಿಗೆ ಇಳಿದ ಲಾಟೀನು

ಮನೆಗೆ ಸವತಿ ಬಂದಿದ್ದರೂ ಶಾಂತಕ್ಕ ಅಷ್ಟು ಹೆದರುತ್ತಿರಲಿಲ್ಲ. ಸವತಿಯಾದರೆ ಬಾಯಿ ಮಾಡಬಹುದು, ಜುಟ್ಟು ಹಿಡಿಯಬಹುದು. ಗಂಡ ಮೂರ್ತಪ್ಪ ಗಾಡಿಯಲ್ಲಿ ಹೇರಿಕೊಂಡು ಯಲ್ಲದಕೆರೆಗೆ ತಂದಿದ್ದು ಸಿನಿಮಾ ರೀಲುಗಳನ್ನು. ಅವುಗಳ ಜೊತೆ ಜಗಳಕ್ಕೆ ನಿಲ್ಲುವುದಾದರೂ ಹೇಗೆ?

ಮೂರ್ತಪ್ಪ ಟೂರಿಂಗ್ ಟಾಕೀಸಿನ ಆಪರೇಟರ್. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಅಂತ ಟೆಂಟು ಎದ್ದಲ್ಲೆಲ್ಲ ಮಿಷನ್ನಿನ ಹಿಂದೆ ನಿಂತು ಅರ್ಧ ಆಯಸ್ಸು ಕಳೆದವನು. ಎಪ್ಪತ್ತಮೂರನೇ ಇಸವಿಯಲ್ಲಿ ಟೆಂಟಿನ ಮಾಲೀಕರು ಗಂಟುಮೂಟೆ ಕಟ್ಟಿದರು. ಮೂಲೆಯಲ್ಲಿ ಬಿದ್ದಿದ್ದ ಹಳೇ ರೀಲುಗಳನ್ನು ಯಾರೂ ಕೇಳಲಿಲ್ಲ, ಇವನು ಬಿಡಲಿಲ್ಲ. ಎಲ್ಲ ಹರಿದ ಪ್ರಿಂಟುಗಳ ತುಂಡುಗಳು. ಒಂದರಲ್ಲಿ ದೇವರು ಪ್ರತ್ಯಕ್ಷನಾಗುತ್ತಿದ್ದ, ವರ ಕೊಡುವಷ್ಟರಲ್ಲಿ ರೀಲೇ ಮುಗಿಯುತ್ತಿತ್ತು. ಇನ್ನೊಂದರಲ್ಲಿ ಕತ್ತಿವರಸೆ, ಗೆದ್ದವರು ಯಾರೋ ಇಂದಿಗೂ ಗೊತ್ತಿಲ್ಲ. ತೋರಿಸಲು ಮನೆಯಲ್ಲಿ ಮಿಷನ್ನಿಲ್ಲ. ಜಗಲಿಯ ಮೇಲೆ ಕೂತು ಫಿಲ್ಮನ್ನು ಬಿಸಿಲಿಗೆ ಹಿಡಿದು ಒಂದೊಂದೇ ಚಿತ್ರ ನೋಡುತ್ತಿದ್ದ. ನೋಡುವಾಗ ಅವನ ಮುಖ ಎಳೆ ಮಗುವಿನ ಮುಖದಂತಾಗುತ್ತಿತ್ತು. ಅದಕ್ಕೇ ಶಾಂತಕ್ಕನಿಗೆ ಎಸೆದುಬಿಡಿ ಅನ್ನಲು ಬಾಯಿ ಬರಲಿಲ್ಲ.

ಆದರೆ ಅವಳು ಹೊಳಲ್ಕೆರೆಯ ಬೆಂಕಿ ಕಂಡವಳು. ಮದುವೆಯಾದ ಹೊಸದರಲ್ಲಿ ಗಂಡನ ಟೆಂಟಿಗೆ ಸಿನಿಮಾ ನೋಡಲು ಹೋಗಿದ್ದಳು. ಮಿಷನ್ನಿನಲ್ಲಿ ಸಿಕ್ಕಿಕೊಂಡ ಹಳೇ ರೀಲು ಭಗ್ ಅಂತ ಹತ್ತಿಕೊಂಡಿತು. ಬಿಳೀ ಬೆಂಕಿ. ಮೂರ್ತಪ್ಪ ಅದನ್ನು ಕಿತ್ತು ನೀರಿನ ಬಕೆಟ್ಟಿಗೆ ಅದ್ದಿದ. ಅದು ನೀರಿನೊಳಗೂ ಬುಸುಗುಡುತ್ತ ಉರಿಯಿತು. ಅವನ ಎಡಗೈಯ ಬೆರಳೆರಡು ಅವತ್ತಿನಿಂದ ಒಂದಕ್ಕೊಂದು ಅಂಟಿಕೊಂಡೇ ಇವೆ. ಆ ಕೈಯಲ್ಲೇ ಅವನು ಈಗ ಅದೇ ಜಾತಿಯ ರೀಲು ಹಿಡಿದು ಮುದ್ದು ಮಾಡುತ್ತಿದ್ದ.

ಇಡುವುದು ಎಲ್ಲಿ, ಯಾತರಲ್ಲಿ ಅನ್ನುವುದೇ ದೊಡ್ಡ ರಾಮಾಯಣವಾಯಿತು. ಮೊದಲು ಹಿರಿಯೂರಿನಿಂದ ತಗಡಿನ ಟ್ರಂಕು ಬಂತು. ಇಲಿ ಹೋಗಬಾರದು, ಧೂಳು ಹೋಗಬಾರದು ಅಂತ ಮೂರ್ತಪ್ಪ ಅಂಗಡಿಯವನ ತಲೆ ತಿಂದು ಮುಚ್ಚಳ ಬಿಗಿಯಾಗಿ ಕೂರುವುದನ್ನೇ ಆರಿಸಿದ್ದ. ಅಟ್ಟದ ಮೇಲೆ ಇಟ್ಟ. ಅಟ್ಟದ ಕೆಳಗೆ ಒಲೆ! ಒಗ್ಗರಣೆ ಚಟಪಟ ಅಂದರೆ ಸಾಕು, ಶಾಂತಕ್ಕನ ಎದೆ ಧಸಕ್ ಅನ್ನುತ್ತಿತ್ತು. ಒಲೆ ಉರಿಸುವುದೇ ಬೇಡವೆಂದು ಒಂದೆರಡು ಸಲ ಬೆಳಗಿನ ತಂಗಳನ್ನೇ ಬಡಿಸಿದಳು. ಅತ್ತೆ ಉಚ್ಚಂಗೆಮ್ಮ ತಟ್ಟೆ ನೋಡಿ, ಸೊಸೆಯ ಮುಖ ನೋಡಿ, ಉಂಡರು.

ಶಿವರಾತ್ರಿ ಕಳೆದು ಬಿಸಿಲೇರಿತು. ಒಂದು ಮಧ್ಯಾಹ್ನ ಮೂರ್ತಪ್ಪ ಟ್ರಂಕು ತೆರೆದವನೇ ಹಿಂದಕ್ಕೆ ಸರಿದ. ಕಣ್ಣು ಉರಿಯುವಂಥ ಘಾಟು. ಎರಡು ರೀಲುಗಳ ಮೇಲೆ ಜಿಗುಟು ಕೂತಿತ್ತು.

"ಏನಾತ್ರೀ?" ಅಂದಳು ಶಾಂತಕ್ಕ.

ಅವನು ಆ ಎರಡು ರೀಲುಗಳನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. "ಬಿಗಿ ಮುಚ್ಚಿದ್ದೇ ತಪ್ಪಾತು ಕಣೇ. ಇದಕ್ಕೆ ಗಾಳಿ ಆಡ್ಬೇಕು. ಇಲ್ದಿದ್ರೆ ಒಳಗೊಳಗೇ ಕಾಯ್ತೈತೆ. ಕಾದೂ ಕಾದೂ ತಾನೇ ಹತ್ಕೊಂಡರೂ ಹತ್ಕೊಂತು."

"ಬೆಂಕಿ ಸೋಕದೇನೆ?"

"ಬೆಂಕಿ ಸೋಕದೇನೆ."

ಇಷ್ಟು ದಿನ ಅವಳು ಒಲೆಗೆ ಹೆದರುತ್ತಿದ್ದಳು. ಈಗ ಮನೆಯೊಳಗಿನ ಸೆಕೆಗೂ ಹೆದರಬೇಕಾಯಿತು. ರೀಲನ್ನೆಲ್ಲ ಹೊರಗಿನ ಬೇವಿನ ಮರದ ಕೆಳಗೆ ಹಾಕಿಸಿ, "ಇವು ಮತ್ತೆ ಹೊಸ್ತಿಲು ದಾಟಿದ್ರೆ ನಾನು ದಾಟಿ ಹೋಗ್ತೀನಿ" ಅಂದಳು. ಬರೀ ಮಾತಿಗೆ ಹೇಳಿದ್ದಲ್ಲ ಅಂತ ಮೂರ್ತಪ್ಪನಿಗೂ ತಿಳಿಯಿತು.

ತಣ್ಣಗಿರುವ, ಮನೆಯಿಂದ ಆಚೆಗಿರುವ ಜಾಗ ಅಂದರೆ ಹಗೇವು ಒಂದೇ. ಅಂಗಳದಾಚೆ ನೆಲದೊಳಗೆ ತೋಡಿದ ರಾಗಿಯ ಹಗೇವು, ಮೂರ್ತಪ್ಪನ ತಾತನ ಕಾಲದ್ದು. ಬಾಯಿ ಒಬ್ಬ ಆಳು ನುಸುಳುವಷ್ಟು, ಒಳಗೆ ಗುಡಾಣದಂತೆ ಅಗಲ. ರಾಗಿ ಆಗತಾನೆ ತೆಗೆದಾಗಿತ್ತು, ತಳದಲ್ಲಿ ಹುಲ್ಲು, ಹೊಟ್ಟು, ಉದುರಿದ ಕಾಳು ಮಾತ್ರ. ಮೂರ್ತಪ್ಪ ಹಗೇವಿನ ಬಾಯಿಯ ಅಳತೆ ಹಿಡಿದು ಹಿರಿಯೂರಿನ ಬಡಗಿಯಿಂದ ಬೇವಿನ ಹಲಗೆಯ ಪೆಟ್ಟಿಗೆ ಮಾಡಿಸಿದ. ಉದ್ದುದ್ದ, ಸಪೂರ. ಪಕ್ಕಗಳಲ್ಲಿ ಗಾಳಿಗೆ ತೂತು, ಒಳಗೆ ರೀಲುಗಳು ಒಂದಕ್ಕೊಂದು ತಾಗದ ಹಾಗೆ ಪಟ್ಟಿ, ಮುಚ್ಚಳಕ್ಕೆ ಕಬ್ಬಿಣದ ಬಳೆ. ಬಡಗಿ, "ಇದೇನಣ್ಣಾ, ನಾಗರಹಾವಿಗೆ ಮನೆ ಮಾಡಿಸ್ತಿದೀಯಾ?" ಅಂತ ನಕ್ಕನಂತೆ.

ಹಗೇವಿಗೆ ಇಳಿಯುವ ಮೊದಲು ಲಾಟೀನು ಇಳಿಸಿ ನೋಡುವುದು ಪದ್ಧತಿ. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ, ಉರಿಯುತ್ತಿದ್ದರೆ ಭಯವಿಲ್ಲ. ಆ ದಿನ ಉಚ್ಚಂಗೆಮ್ಮನೇ ಖಾಲಿ ಹಗೇವಿಗೆ ಲಾಟೀನು ಇಳಿಸಿದರು, ಅದು ಚೆನ್ನಾಗಿ ಉರಿಯಿತು. ಮೂರ್ತಪ್ಪ ಇಳಿದ, ಪೆಟ್ಟಿಗೆ ಇಳಿಸಿಕೊಂಡ, ಹಗ್ಗ ಬಿಚ್ಚಿ ಮೇಲೆ ಬಂದ. ಚಪ್ಪಡಿ ಎಳೆದು, ಸಂದಿಗೆ ಮಣ್ಣು ಮೆತ್ತಿದರು. ಪೆಟ್ಟಿಗೆಗೆ ತೂತು ಕೊರೆಸಿದ ಬುದ್ಧಿವಂತ, ಹಗೇವಿನ ಬಾಯಿಗೆ ಮಣ್ಣು ಮೆತ್ತಿದಾಗ ಅದನ್ನು ಯೋಚಿಸಲಿಲ್ಲ. ಹಗೇವೆಂದರೆ ಮೆತ್ತುವುದು, ಅಷ್ಟೇ. ಶಾಂತಕ್ಕನೂ ಯೋಚಿಸಲಿಲ್ಲ. ಆ ದಿನ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿದಳು.

ಮುಂಗಾರು ಹತ್ತಿರವಾಯಿತು. ಮಳೆ ಬಿದ್ದರೆ ಹಗೇವು ತೇವ ಹಿಡಿಯುತ್ತದೆ, ರೀಲು ಮೇಲೆ ತೆಗೆಯಲೇಬೇಕು. ಮೂರ್ತಪ್ಪ ಪಕ್ಕದ ಮನೆಯ ಕೆಂಚಣ್ಣನನ್ನು ಕರೆದು ಬೆಳಿಗ್ಗೆಯೇ ಚಪ್ಪಡಿ ಸರಿಸಿದ. ಪೆಟ್ಟಿಗೆಗೆ ಹಗ್ಗ ಕಟ್ಟಲು ಒಬ್ಬರು ಇಳಿಯಬೇಕು.

"ಲಾಟೀನು ತರ್ಲೇನಪ್ಪಾ?" ಅಂದರು ಉಚ್ಚಂಗೆಮ್ಮ.

"ಬ್ಯಾಡಮ್ಮಾ! ಒಳಗೆ ರೀಲು ಅವೆ. ದೀಪ ಗೀಪ ಏನೂ ಬ್ಯಾಡ."

ಮುದುಕಿಗೆ ಕಿವಿ ಮಂದ. ಕೇಳಿತೋ ಇಲ್ಲವೋ, ಮಗನ ಬಾಯಿಯನ್ನೇ ನೋಡುತ್ತ ನಿಂತರು. ಕೆಂಚಣ್ಣ ತಲೆ ಕೆರೆದುಕೊಂಡ. "ದೀಪ ಇಳಿಸ್ದೆ ಹೆಂಗೋ ಮೂರ್ತಣ್ಣಾ? ನಿಮ್ಮ ಚಿಕ್ಕಪ್ಪ ಇದ್ರಾಗೇ ಹೋದದ್ದು ಮರ್ತ್ಯಾ?"

"ಬಾಯಿ ತೆಗ್ದು ಬಿಟ್ಟೀವಲ್ಲ, ಮಧ್ಯಾಹ್ನದೊಳಗೆ ಗಾಳಿ ಆಡ್ತೈತೆ" ಅಂದ ಮೂರ್ತಪ್ಪ. ಹೆಂಡತಿಯ ಕಡೆ ತಿರುಗಿ, "ನೀನೇನಂತೀಯೇ?" ಅಂದ.

ಶಾಂತಕ್ಕನ ಕಣ್ಣ ಮುಂದೆ ಹೊಳಲ್ಕೆರೆಯ ಬಿಳೀ ಬೆಂಕಿ ಬಂತು. "ದೀಪ ಮಾತ್ರ ಬ್ಯಾಡ್ರಿ" ಅಂದುಬಿಟ್ಟಳು.

ಊಟವಾದ ಮೇಲೆ ಮೂರ್ತಪ್ಪ ಕೆಂಚಣ್ಣನ ಮನೆಗೆ ಗಟ್ಟಿ ಹಗ್ಗ ತರಲು ಹೋದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡೇ ಇಳಿಯಬೇಕೆಂದು ಶಾಂತಕ್ಕ ಆಣೆ ಹಾಕಿಸಿದ್ದಳು. ಮೇಲೆ ಬರಲಿರುವ ಪೆಟ್ಟಿಗೆಯನ್ನು ಬಿಸಿಲು ತಾಕದಂತೆ ಮುಚ್ಚಲು ಒಳಗಿಂದ ಕಂಬಳಿ ಹುಡುಕಿ ತೆಗೆದು ಅಂಗಳಕ್ಕೆ ಬಂದಳು.

ಹಗೇವಿನ ಬಾಯಿಯ ಬಳಿ ಉಚ್ಚಂಗೆಮ್ಮ ಕಾಲು ನೀಡಿ ಕೂತಿದ್ದರು. ಕೈಯಲ್ಲಿ ನೀರು ಸೇದುವ ಹಗ್ಗ. ಹಗ್ಗ ಸರಸರ ಕೆಳಗಿಳಿಯುತ್ತಿತ್ತು.

ಶಾಂತಕ್ಕನ ಕೈಯಿಂದ ಕಂಬಳಿ ಜಾರಿತು. ಲಾಟೀನು ಇಟ್ಟಿರುತ್ತಿದ್ದ ಜಗಲಿಗೋಡೆಯ ಗೂಡಿನ ಕಡೆ ನೋಡಿದಳು. ಗೂಡು ಖಾಲಿ.

"ಅತ್ತೇ!" ಅಂತ ಕಿರುಚಬೇಕೆಂದು ಬಾಯಿ ತೆರೆದಳು, ಕಿರುಚಲಿಲ್ಲ. ಮುದುಕಿ ಬೆಚ್ಚಿ ಹಗ್ಗ ಬಿಟ್ಟರೆ? ಲಾಟೀನು ನೇರ ಪೆಟ್ಟಿಗೆಯ ಮೇಲೆ ಬಿದ್ದು ಗಾಜು ಒಡೆದು ಸೀಮೆಎಣ್ಣೆ ಚೆಲ್ಲಿದರೆ? ಆ ಪೆಟ್ಟಿಗೆಯ ಮೈಯೆಲ್ಲ ತೂತು. ಎಣ್ಣೆ ಇಳಿಯಲಿ ಅಂತಲೇ ಮಾಡಿಸಿದಂಥ ತೂತು. ಕೆಳಗೆ ಹುಲ್ಲು, ಹೊಟ್ಟು. ಇತ್ತ ಮನೆ, ಅತ್ತ ಕೆಂಚಣ್ಣನ ಹುಲ್ಲಿನ ಬಣವೆ.

ಕೂತು, ಅಂಬೆಗಾಲಿಟ್ಟು ಮುದುಕಿಯ ಬಳಿ ಹೋದಳು. ಮೆಲ್ಲಗೆ ಕೈ ಚಾಚಿ ಅತ್ತೆಯ ಕೈಯ ಮೇಲೆ ಕೈ ಇಟ್ಟು ಹಗ್ಗ ಹಿಡಿದಳು. ಉಚ್ಚಂಗೆಮ್ಮ ತಿರುಗಿ ನೋಡಿ ಹಲ್ಲಿಲ್ಲದ ಬಾಯಲ್ಲಿ ನಕ್ಕರು.

"ಅವ್ನಿಗೇನು ತಿಳಿತೈತೆ ಬಿಡೇ. ದೀಪ ನೋಡ್ದೆ ನನ್ನ ಮಗನ್ನ ಇಳಿಸ್ಲಾ?"

ಶಾಂತಕ್ಕ ಬೋರಲಾಗಿ ಬಗ್ಗಿದಳು. ಲಾಟೀನು ಆಳದಲ್ಲಿ ತೂಗಾಡುತ್ತಿತ್ತು. ಅದರ ಬೆಳಕು ಮುಚ್ಚಳದ ಕಬ್ಬಿಣದ ಬಳೆಯ ಮೇಲೆ ಹೊಳೆಯಿತು, ತೂತುಗಳ ಮೇಲೆ ಅತ್ತಿತ್ತ ಆಡಿತು. ಮೇಲಕ್ಕೆ ಬಂದ ಘಾಟು ಮೂಗಿಗೆ ಬಡಿಯಿತು. ಅದೇ ಟ್ರಂಕಿನ ಘಾಟು. ಎಳೆಯಬೇಕು, ಎಳೆದರೆ ತೂಗಿ ಬಡಿಯಬಾರದು. ಒಂದು ಗೇಣು ಎಳೆದಳು, ಲಾಟೀನು ಇನ್ನಷ್ಟು ತೂಗಿತು, ಎಳೆಯುವುದನ್ನು ನಿಲ್ಲಿಸಿದಳು. ಇನ್ನೇನು ಹತ್ತಿಕೊಂಡಿತು, ಇನ್ನೇನು ಅನ್ನುವಷ್ಟರಲ್ಲಿ ದೀಪದ ಕುಡಿ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಯಾರೂ ಊದದೆ, ಯಾರೂ ಬತ್ತಿ ಇಳಿಸದೆ, ಆರಿಹೋಯಿತು.

ಹಗೇವು ಕತ್ತಲಾಯಿತು.

ಶಾಂತಕ್ಕ ನೆಲಕ್ಕೆ ಹಣೆ ಹಚ್ಚಿ ಒಂದು ಉಸಿರು ಬಿಟ್ಟಳು. ಉಳಿದೆವು ಅಂದುಕೊಂಡಳು. ಎರಡನೆಯ ಉಸಿರು ಮಾತ್ರ ಹೊರಗೆ ಬರಲಿಲ್ಲ. ದೀಪ ಯಾಕೆ ಆರಿತು ಅನ್ನುವುದು ಆಗ ತಲೆಗೆ ಹೊಳೆಯಿತು. ಬೆಳಗಿನಿಂದ ಬಾಯಿ ತೆರೆದಿದ್ದರೂ ಆರಿತು. ದೀಪ ಬ್ಯಾಡ್ರಿ ಅಂದವಳು ಇವಳೇ.

ಹೆಗಲ ಮೇಲೆ ಹಗ್ಗ ಹಾಕಿಕೊಂಡು ಮೂರ್ತಪ್ಪ ಸಿಳ್ಳೆ ಹೊಡೆಯುತ್ತ ಬಂದ, ಹಿಂದೆ ಕೆಂಚಣ್ಣ. "ಬಾರೋ, ಇಳಿಯಾಣ" ಅಂತ ಅಂಗಿ ಬಿಚ್ಚಿದ.

ಶಾಂತಕ್ಕ ಓಡಿಹೋಗಿ ಅವನ ಸೊಂಟ ತಬ್ಬಿ ಹಿಡಿದಳು, ಎಲ್ಲರೆದುರಿಗೆ. "ಇಳೀಬ್ಯಾಡ್ರಿ! ದೀಪ ಆರೋತು. ಇಳೀಬ್ಯಾಡ್ರಿ!"

"ಯಾವ ದೀಪ?" ಅಂದ ಮೂರ್ತಪ್ಪ. ಉಚ್ಚಂಗೆಮ್ಮ ಆರಿದ ಲಾಟೀನನ್ನು ಮೇಲಕ್ಕೆಳೆದು ಅವನ ಮುಂದೆ ಇಟ್ಟರು. ಅವನು ಲಾಟೀನು ನೋಡಿದ, ಹಗೇವಿನ ಬಾಯಿ ನೋಡಿದ. ಬೆಂಕಿಯ ಲೆಕ್ಕವೂ ಗಾಳಿಯ ಲೆಕ್ಕವೂ ಒಟ್ಟಿಗೇ ಅವನಿಗೆ ಅರ್ಥವಾಯಿತು. ಅಂಟಿದ ಬೆರಳಿನ ಕೈಯಲ್ಲಿ ನೆಲ ಹಿಡಿದು ಕೂತುಬಿಟ್ಟ.

"ಗಾಳಿ ಕೆಟ್ಟೈತೆ. ಇವತ್ತು ಇಳಿಯಂಗಿಲ್ಲ" ಅಂದರು ಉಚ್ಚಂಗೆಮ್ಮ. ಉಳಿದ ಸಂಗತಿ ಆ ಮುದುಕಿಗೆ ಯಾರೂ ಹೇಳಲಿಲ್ಲ, ಕೊನೆಯವರೆಗೂ.

ಮಾರನೆಯ ದಿನ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಪೆಟ್ಟಿಗೆಯ ಬಳೆಗೆ ಕೊಕ್ಕೆ ಸಿಕ್ಕಿಸಿ ಎಳೆದರು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಣ್ ಅಂದಾಗಲೆಲ್ಲ ಶಾಂತಕ್ಕ ಕಣ್ಣು ಮುಚ್ಚುತ್ತಿದ್ದಳು. ಪೆಟ್ಟಿಗೆ ಬಂತು. ಮುಚ್ಚಳ ತೆರೆದರೆ ದೇವರು ಪ್ರತ್ಯಕ್ಷನಾಗುವ ರೀಲು ಕಂದು ಪುಡಿಯಾಗಿತ್ತು. ಕತ್ತಿವರಸೆ ಚೆನ್ನಾಗಿಯೇ ಇತ್ತು, ಇನ್ನೂ ಕೆಲವು ಚೆನ್ನಾಗಿದ್ದವು. ಮೂರ್ತಪ್ಪ ಅವನ್ನು ಬಿಸಿಲಿಗೆ ಹಿಡಿದು ನೋಡಲಿಲ್ಲ.

"ಎಲ್ಲಿ ಇಡ್ತೀರಿ?" ಅಂತ ಅವಳೇ ಕೇಳಿದಳು. ಇಡಬೇಡಿ ಅನ್ನಲು ಆಗಲೂ ಬಾಯಿ ಬರಲಿಲ್ಲ.

"ನಿಮ್ಮಿಬ್ರನ್ನ ಇಟ್ಕಂಡು ಇವನ್ನ ಎಲ್ಲಿಡ್ಲೇ" ಅಂದು ಅವನು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋದ. ಊರಾಚೆಯ ಬೀಳು ಹೊಲದ ನಡುವೆ ಒಂದೊಂದಾಗಿ ಹಚ್ಚಿದ. ಅಂಗಳದಲ್ಲಿ ನಿಂತಿದ್ದ ಶಾಂತಕ್ಕನಿಗೆ ಹಗಲಿನಲ್ಲೂ ಆ ಬೆಳಕು ಕಂಡಿತು. ಹೊತ್ತಿಳಿದು ಬಂದವನು ಕಾಲು ತೊಳೆದು ಉಂಡ. ಅವನಿಗಾದ ಸಂಕಟಕ್ಕೆ ಶಾಂತಕ್ಕ ಅತ್ತಳು. ಅದರ ಜೊತೆಗೇ ಬದುಕಿಕೊಂಡೆವು ಅನ್ನಿಸಿದ್ದಕ್ಕೂ ಅತ್ತಳು.

ಖಾಲಿ ಪೆಟ್ಟಿಗೆ ಅಡುಗೆಮನೆಯ ಪಕ್ಕದ ಕೋಣೆ ಸೇರಿತು. ಗಾಳಿಯಾಡುವ ತೂತು, ಒಳಗೆ ಪಟ್ಟಿ. ಉಚ್ಚಂಗೆಮ್ಮ ಈರುಳ್ಳಿ ತುಂಬಿಸಿ, "ಹೇಳಿ ಮಾಡಿಸಿದಂಗೈತೆ" ಅಂತ ಹೊಗಳಿದರು. ಆ ಸಲ ಒಂದು ಗಡ್ಡೆಯೂ ಕೊಳೆಯಲಿಲ್ಲ. ಆದರೆ ಸಂಜೆ ಹೊತ್ತು ಈರುಳ್ಳಿ ತರಲು ಹೋಗುವಾಗ ಶಾಂತಕ್ಕ ಕೈಯಲ್ಲಿದ್ದ ಬುಡ್ಡಿದೀಪವನ್ನು ಕೋಣೆಯ ಹೊಸ್ತಿಲಾಚೆಯೇ ಇಟ್ಟು, ಕತ್ತಲಲ್ಲಿ ತಡಕಾಡಿ ತರುತ್ತಿದ್ದಳು.