ಅಕ್ಕ ನಿಲ್ಲುವ ರೀತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಬೆಳಗಿನಿಂದ ಸಂಜೆಯವರೆಗೆ ಜನರ ಪ್ಯಾಂಟು ಗಿಡ್ಡ ಮಾಡಿ, ಕೋಟು ಸಡಿಲ ಮಾಡಿ, ಕೊನೆಗೆ ‘ಮೊದಲೇ ಚೆನ್ನಾಗಿತ್ತೇನೋ’ ಎಂದು ಅವರ ಬಾಯಲ್ಲೇ ಕೇಳಿಸಿಕೊಳ್ಳುವ ದರ್ಜಿಗೆ ಕೋಪ ಬರದೆ ಇನ್ನೇನು ಬರುತ್ತದೆ? ಆದರೆ ಆಸ್ಪತ್ರೆಯ ಬೆಂಚಿನ ಮೇಲೆ, ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಕ್ಕಳ ಹಾಗೆ ಕೂತಿದ್ದ ಅಕ್ಕನನ್ನು ಕಂಡ ದಿನ ಮಾತ್ರ ನನಗೆ ಬೈಯುವುದಕ್ಕೂ ಬಾಯಿ ಬರಲಿಲ್ಲ. ಅಷ್ಟು ಹೆದರಿದ್ದೆ.

ಆದದ್ದು ಇಷ್ಟೇ. ಅಕ್ಕ ಬೇಕರಿಯ ಮುಂದೆ ಯಾರನ್ನೋ ಮಾತಾಡಿಸಲು ನಿಂತಳು, ಅವಳ ನಾಯಿ ನಿಲ್ಲಲಿಲ್ಲ. ಆ ನಾಯಿಯನ್ನು ನಾವು ಧಾಂಡಿಗ ಎಂದು ಕರೆಯುತ್ತೇವೆ; ಕರುವಿನಷ್ಟು ಎತ್ತರ, ಹಸುಗೂಸಿನಷ್ಟು ಬುದ್ಧಿ. ಎದುರು ಫುಟ್‌ಪಾತಿನಲ್ಲಿ ಒಂದು ಬೆಕ್ಕು ಕಂಡಿದ್ದೇ ತಡ, ಎಳೆಯಿತು. ಅಕ್ಕನಿಗೆ ಸೊಂಟದ ಕೀಲು ಬದಲಾಯಿಸಿ ಇನ್ನೂ ಸರಿಯಾಗಿ ಒಂದು ವರ್ಷ ಆಗಿರಲಿಲ್ಲ. ಈ ಸಲ ಕೈ ಊರಿ ಬಿದ್ದಿದ್ದಾಳೆ, ಮುಂದಿನ ಸಲ ಸೊಂಟದ ಮೇಲೆ ಬಿದ್ದರೆ ಮತ್ತೆ ಎದ್ದು ನಡೆಯುವ ಮಾತಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಅಕ್ಕನ ಮಗ ಲಿಫ್ಟ್ ರಿಪೇರಿ ಮಾಡುವವನು, ಊರಿನ ಆ ತುದಿಯಲ್ಲಿದ್ದಾನೆ. ಭಾನುವಾರ ಗಾಳಿಯಂತೆ ಬಂದು ಗಾಳಿಯಂತೆ ಹೋಗುತ್ತಾನೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾಯಿಯನ್ನು ದೊಡ್ಡ ಹಿತ್ತಲಿರುವ ಗೆಳೆಯನೊಬ್ಬನ ಮನೆಗೆ ಬಿಟ್ಟುಬರುತ್ತೇನೆ ಎಂದ. ಅವನನ್ನು ದೂರುವ ಹಾಗಿಲ್ಲ. ಬಿದ್ದ ತಾಯಿಯನ್ನು ನೋಡಿ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೆ ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆಪರೇಷನ್ ಆಗಿ ಶಾಲೆಯ ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಅಕ್ಕ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತವಳು ಏಳುತ್ತಲೇ ಇರಲಿಲ್ಲ. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯವರು ಮನೆ ಬದಲಾಯಿಸುವಾಗ ಬಿಟ್ಟುಹೋದ ಈ ಪ್ರಾಣಿ ಬಂದ ಮೇಲೆಯೇ ಅವಳು ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡದ್ದು.

ಅಕ್ಕ ನಿಂತ ಕಡೆಯಲ್ಲೆಲ್ಲ ನಾಯಿ ತಾನಾಗಿ ಕೂರುವಂತಾದರೆ ಏನು ಹೇಳುತ್ತೀಯ ಎಂದು ಅವನನ್ನು ಕೇಳಿದೆ. ಕೂತ ನಾಯಿ ಎಳೆಯುವುದಿಲ್ಲ. ಹಾಗೆ ಕೂರುವುದನ್ನು ಕಣ್ಣಾರೆ ನೋಡಿದರೆ ಯೋಚಿಸೋಣ ಚಿಕ್ಕಮ್ಮ ಎಂದ. ಅವನ ದನಿಯಲ್ಲಿ ನಂಬಿಕೆ ಮಾತ್ರ ಇರಲಿಲ್ಲ.

ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ನನ್ನ ಗಿರಾಕಿ. ದಾರಿ ಅವಳೇ ಹೇಳಿಕೊಟ್ಟಳು. ನಡೆಯುತ್ತಾ ಹೋಗಬೇಕು, ನಿಲ್ಲಬೇಕು, ಬಿಸ್ಕತ್ತಿನ ಚೂರನ್ನು ಅದರ ಮೂಗಿನ ಮುಂದೆ ಹಿಡಿದು ಮೆಲ್ಲಗೆ ಮೇಲೆತ್ತಬೇಕು. ತಲೆ ಮೇಲೆ ಹೋದರೆ ಕುಂಡೆ ತಾನಾಗಿ ಕೆಳಗೆ ಬರುತ್ತದೆ. ಕೂತ ಕೂಡಲೇ ಚೂರು ಬಾಯಿಗೆ. ಪ್ರತಿ ಸಲ ನಿಂತಾಗಲೂ ಹೀಗೆಯೇ, ಒಂದನ್ನೂ ಬಿಡಬಾರದು. ಆಮೇಲೆ ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ, ನಾವು ನಿಲ್ಲುವುದೇ ಅದಕ್ಕೆ ಅಪ್ಪಣೆಯಾಗುತ್ತದೆ ಎಂದಳು.

ಅಂಗಡಿ ಮುಚ್ಚಿ ದಿನಾ ಹೊರಟೆ. ಮೊದಮೊದಲು ನನ್ನ ತಾಳ್ಮೆ ಕೆಟ್ಟು ಕೆರ ಹಿಡಿಯಿತು. ಧಾಂಡಿಗ ಬಿಸ್ಕತ್ತಿಗೆ ಹಾರುವುದು, ನನ್ನ ಕತ್ತಿನ ಟೇಪನ್ನು ಎಳೆಯುವುದು, ಕೂತ ಹಾಗೆ ಮಾಡಿ ಏಳುವುದು. ಹಿಡಿದ ಪಟ್ಟು ನಾನೂ ಬಿಡಲಿಲ್ಲ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ನಾನು ಎಲ್ಲಿ ನಿಂತರೂ ಪಟ್ಟನೆ ಕೂರುತ್ತಿತ್ತು. ಬೆಕ್ಕು ಹೋದರೂ ಕೂತೇ ನೋಡುತ್ತಿತ್ತು. ನನಗೆ ಆಕಾಶ ಮೂರೇ ಗೇಣು.

ಅಕ್ಕನ ಕೈಗೆ ಹಗ್ಗ ಕೊಟ್ಟೆ. ಅವಳು ನಿಂತಳು, ಧಾಂಡಿಗ ಮುಂದೆ ಹೋದ. ಮತ್ತೊಮ್ಮೆ ನಿಂತಳು, ಮತ್ತೂ ಮುಂದೆ ಹೋದ. ನನ್ನ ಪಿತ್ತ ನೆತ್ತಿಗೇರಿತು. ನಿನ್ನ ಮುದ್ದಿನಿಂದಲೇ ಇದು ಕೆಟ್ಟು ಕೂತಿದೆ ಎಂದು ಬೀದಿಯಲ್ಲೇ ಅವಳನ್ನು ಬೈದೆ. ಸಿಟ್ಟಿಗೆ ನಾನು ಹಿಂದೆ ಉಳಿದೆ, ಆಗ ಕಾಣಿಸಿತು.

ಅಕ್ಕ ನಿಲ್ಲುವುದೇ ಇಲ್ಲ. ನನ್ನ ನಡಿಗೆ ಹೊಲಿಗೆ ಮಿಷನ್ನಿನಂತೆ, ಓಡಿತೆಂದರೆ ಓಡಿತು, ನಿಂತಿತೆಂದರೆ ನಿಂತಿತು. ಅವಳು ಮಾತ್ರ ಬಸ್ಸಿನಲ್ಲಿ ನಿಂತ ಮಕ್ಕಳು ಒಬ್ಬರ ಮೇಲೊಬ್ಬರು ಬೀಳಬಾರದೆಂದು ವರ್ಷಾನುಗಟ್ಟಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬ್ರೇಕು ಒತ್ತಿದವಳು. ನಡೆಯುವಾಗಲೂ ಹಾಗೆಯೇ. ನಿಧಾನವಾಗುತ್ತಾಳೆ, ಇನ್ನೂ ನಿಧಾನವಾಗುತ್ತಾಳೆ, ಯಾವುದೋ ಗಳಿಗೆಯಲ್ಲಿ ನಿಂತಿರುತ್ತಾಳೆ. ಅದು ಯಾವ ಗಳಿಗೆ ಎಂದು ಪಾಪ ನಾಯಿಗೆ ಹೇಗೆ ತಿಳಿಯಬೇಕು?

ಗಕ್ಕನೆ ನಿಲ್ಲು ಎಂದು ಹೇಳಿಕೊಟ್ಟೆ. ಪ್ರಯತ್ನಪಟ್ಟಳು. ಸೊಂಟ ಹಿಡಿದುಕೊಂಡಿತು, ಮುಖ ಕಿವುಚಿ ನನ್ನ ಭುಜ ಹಿಡಿದಳು. ಅವಳು ಬದಲಾಗುವ ಹಾಗಿರಲಿಲ್ಲ. ಉಳಿದದ್ದು ನಾನು ಮತ್ತು ನಾಯಿ.

ಅವತ್ತು ಸಂಜೆ ಅಂಗಡಿಯ ನಿಲುವುಗನ್ನಡಿಯ ಮುಂದೆ ಅಕ್ಕನ ಹಾಗೆ ನಡೆದು ನೋಡಿದೆ. ಎಡಗಾಲಿನ ಮೇಲೆ ಭಾರ, ಬಲಗಾಲು ಅರ್ಧ ಹೆಜ್ಜೆ, ನಿಲ್ಲುವ ಮುಂಚೆ ಭುಜ ಒಂದಿಷ್ಟು ಇಳಿಯುವುದು, ಆಮೇಲೆ ಪುಟ್ಟ ಪುಟ್ಟ ಹೆಜ್ಜೆ. ಅದನ್ನು ಕಲಿತು ಬೀದಿಗಿಳಿದೆ. ಭುಜ ಇಳಿಸಿದ ಕೂಡಲೇ ಬಿಸ್ಕತ್ತು ಮೇಲೆತ್ತಿದೆ, ಕೂತ ಮೇಲೆ ಬಾಯಿಗೆ ಹಾಕಿದೆ. ತರಕಾರಿಯವನು ಏನಮ್ಮ, ಸೊಂಟ ಹಿಡಿದಿದೆಯಾ ಎಂದು ಕೇಳಿದ. ನಿನ್ನ ತಲೆ ಹಿಡಿದಿದೆ ಎಂದೆ. ಧಾಂಡಿಗನಿಗೆ ಈಗ ನನ್ನ ಕಾಲು ಬಿಟ್ಟು ಭುಜ ನೋಡುವುದು ಅಭ್ಯಾಸವಾಯಿತು. ಒಂದು ಸಂಜೆ ನಾನು ಪೂರ್ತಿ ನಿಲ್ಲುವ ಮೊದಲೇ ಕೂತು ನನ್ನ ಮುಖ ನೋಡಿದ. ನಾನು ಅವನ ದೊಡ್ಡ ತಲೆಯನ್ನು ಅಪ್ಪಿಕೊಂಡೆ.

ಕುಣಿಯುತ್ತಾ ಮೆಟ್ಟಿಲು ಹತ್ತಿ ಅಕ್ಕನ ಮನೆಗೆ ಹೋದರೆ ಅವಳು ಕಿಟಕಿಯ ಬಳಿ ಕೂತಿದ್ದಳು. ಎಲ್ಲವನ್ನೂ ನೋಡಿದ್ದಳು. ಮುಖ ಸಪ್ಪಗಿತ್ತು.

“ನಾನು ಹೀಗಾ ನಡೆಯೋದು?”

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹೌದು ಎಂದೆ.

“ಇಷ್ಟು ಮುದುಕಿ ಆಗಿದ್ದೀನಿ ಅಂತ ಯಾರೂ ಹೇಳಲೇ ಇಲ್ಲ. ಮಗ ಹೇಳೋದೇ ಸರಿ. ನಾಯಿ ಹೋಗಲಿ ಬಿಡು.”

ನನಗೆ ಕೋಪ ಬಂತು. “ನಿನ್ನ ಹಾಗೆ ನಾಲ್ಕು ಹೆಜ್ಜೆ ಹಾಕೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯ್ತು ಅಕ್ಕ. ಅಷ್ಟು ನೋವಿಟ್ಕೊಂಡು ನೀನು ದಿನಾ ಮೆಟ್ಟಿಲು ಇಳಿದು ಹೋಗ್ತೀಯ. ಮುದುಕಿಯಂತೆ, ಮುದುಕಿ. ನೀನು ಮತ್ತೆ ಆ ಕುರ್ಚೀಲಿ ಕೂತರೆ ನನ್ನ ಕೈಲಿ ನೋಡೋಕಾಗಲ್ಲ.”

ಅಕ್ಕ ಕಣ್ಣೊರೆಸಿಕೊಂಡು, ನಾನು ಬಲಗಾಲನ್ನು ಅತಿಯಾಗಿ ಎಳೆಯುತ್ತೇನೆ, ತನ್ನದು ಅಷ್ಟೊಂದು ಕೆಟ್ಟಿಲ್ಲ ಎಂದಳು. ತಿದ್ದುವುದಕ್ಕೆ ಬೂಟು ಹಾಕಿಕೊಂಡು ತಾನೇ ಕೆಳಗಿಳಿದಳು.

ಭಾನುವಾರ ಮಗ ನಾಯಿಯನ್ನು ಒಯ್ಯಲು, ಅದರ ಬಟ್ಟಲು ಹಾಕಿಕೊಳ್ಳಲು ಚೀಲ ಹಿಡಿದುಕೊಂಡೇ ಬಂದ. ಮೊದಲು ನೋಡು ಎಂದು ಹೊರಗೆ ಹೊರಡಿಸಿದೆ. ಅಕ್ಕ ಬೇಕರಿಯ ಮುಂದೆ ನಿಧಾನವಾದಳು, ಧಾಂಡಿಗ ಕೂತ. ತಿರುವಿನಲ್ಲಿ ಸೈಕಲ್ಲೊಂದು ಮೈಗೆ ತಾಗುವಷ್ಟು ಹತ್ತಿರ ಹೋಯಿತು, ನಾಯಿಯ ಮೈಯೆಲ್ಲ ನಡುಗಿತು, ಆದರೂ ಏಳಲಿಲ್ಲ. ನಾನು ಉಸಿರು ಬಿಟ್ಟೆ.

ಮಗನಿಗೆ ಸಮಾಧಾನವಾಗಲಿಲ್ಲ. ಅಭ್ಯಾಸದ ಬೀದಿ, ಅಭ್ಯಾಸದ ಕೈ, ಇನ್ನೊಬ್ಬರಿಗೆ ಕೂರುತ್ತದೋ ನೋಡೋಣ ಎಂದು ಹಗ್ಗ ತೆಗೆದುಕೊಂಡ. ದಾಪುಗಾಲು ಹಾಕಿ ನಡೆದ, ತಟ್ಟನೆ ನಿಂತ. ಧಾಂಡಿಗ ಹಗ್ಗದ ಕೊನೆಯವರೆಗೂ ಹೋಗಿ ತಿರುಗಿ ಅಕ್ಕನನ್ನೇ ನೋಡಿದ. ಇನ್ನೊಂದು ಸಲವೂ ಅದೇ ಕಥೆ. “ನೋಡಿದ್ರಾ ಚಿಕ್ಕಮ್ಮ,” ಎಂದ ಅವನು, ಬೇಜಾರಿನಿಂದಲೇ.

ಅಕ್ಕ ಮೆಲ್ಲಗೆ ಅವನ ಬಳಿ ಹೋಗಿ, ವಾಸಿಯಾದ ಕೈಯನ್ನು ಅವನ ತೋಳಿನೊಳಗೆ ತೂರಿಸಿದಳು. “ನನ್ನ ಜೊತೆ ನಡಿ ಮಗನೇ,” ಎಂದಳು.

ನಾನು ಹಿಂದೆ ನಿಂತು ನೋಡಿದೆ. ಮೊದಲು ಅವನು ಒಂದು ಹೆಜ್ಜೆ ಮುಂದೆ ಹೋಗಿ, ಎಳೆದ ಹಾಗಾಗಿ ಹಿಂದೆ ಬಂದ. ಮತ್ತೆ ಹಾಗೆಯೇ ಆಯಿತು. ನಿಧಾನವಾಗಿ ಅವನ ಉದ್ದ ಕಾಲುಗಳು ಅವಳ ಅರ್ಧ ಹೆಜ್ಜೆಗೆ ಹೊಂದಿಕೊಂಡವು. ಅವಳ ಭುಜ ಇಳಿಯಿತು, ತೋಳು ಹಿಡಿದಿದ್ದರಿಂದ ಅವನದೂ ಇಳಿಯಿತು. ಧಾಂಡಿಗ ತಲೆಯೆತ್ತಿ ಇಬ್ಬರನ್ನೂ ನೋಡಿ ಕೂತ.

ಅವನು ನಾಯಿಯ ಕಡೆ ನೋಡಲೇ ಇಲ್ಲ. ತಾಯಿಯ ಕಾಲನ್ನೇ ನೋಡುತ್ತಿದ್ದ.

“ಯಾವಾಗಿಂದ ಅಮ್ಮ, ಇಷ್ಟು ನಿಧಾನ?”

“ಮೊದಲಿಂದಾನೂ ಹೀಗೇ,” ಎಂದಳು ಅಕ್ಕ. ದನಿಯಲ್ಲಿ ದೂರು ಇರಲಿಲ್ಲ. “ನೀನು ಯಾವಾಗಲೂ ಮುಂದೆ ಇರ್ತಿದ್ದೆಯಲ್ಲ, ನಿನಗೆ ಕಾಣ್ತಿರಲಿಲ್ಲ.”

ಅವನು ಗಲ್ಲ ಒರೆಸಿಕೊಂಡ. ಪಾರ್ಕಿನವರೆಗೆ ಹೋಗಿಬರೋಣವೇ ಎಂದು ಕೇಳಿದ. ಅಲ್ಲಿಗೆ ಹೋಗಿ ಬರಲು ಅಕ್ಕನಿಗೆ ಅರ್ಧ ದಿನ ಬೇಕು, ಅದು ಅವನಿಗೆ ಈಗ ಗೊತ್ತಿತ್ತು. ನಾಯಿಯ ಹಗ್ಗವನ್ನು ಅವಳ ಕೈಗೆ ಕೊಟ್ಟ. ತೋಳು ಮಾತ್ರ ಬಿಡಿಸಿಕೊಳ್ಳಲಿಲ್ಲ.