ಹಳದಿ ಚೌಕಳಿ ಅಂಗಿ

ಬ್ಯಾನರ್ ಅಂಗಡಿಯವನ ತಮ್ಮ ಕಾಣೆಯಾಗಿದ್ದ. ತಮ್ಮ ಅಂದರೆ ಮೀಸೆ ನರೆಯತೊಡಗಿದ ಆಳು, ಬುದ್ಧಿ ಮಾತ್ರ ಎಳೆಮಗುವಿನದು. ಮನೆಯವರಿಗೆಲ್ಲ ಅವನು ಪುಟ್ಟ. ಹೆಸರು ಕೇಳಿದರೆ ನಗುವವನು ವಿಳಾಸವೆಲ್ಲಿಂದ ಹೇಳಿಯಾನು? ಅಣ್ಣ ಯಂತ್ರದ ಮುಂದೆ ಬಗ್ಗಿದ್ದಾಗ, ತೆರೆದ ಬಾಗಿಲಿನಿಂದ ಸುಮ್ಮನೆ ನಡೆದುಬಿಟ್ಟಿದ್ದ.

ಅಣ್ಣನಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ. ಕಂಬಕ್ಕೆ ಕಟ್ಟುವ ಅಳತೆಯಲ್ಲಿ ಉದ್ದನೆಯ ಪೋಸ್ಟರ್ ತಯಾರಿಸಿದ. ಮೇಲೆ 'ಕಾಣೆಯಾಗಿದ್ದಾರೆ', ಅದರ ಕೆಳಗೆ ಪುಟ್ಟನ ನಗುಮುಖ, ನಡುವೆ ಅವನು ಹೋಗುವಾಗ ತೊಟ್ಟಿದ್ದ, ಅಮ್ಮ ಹೊಲಿದ ಹಳದಿ ಚೌಕಳಿ ಅಂಗಿ, ಬುಡದಲ್ಲಿ ಫೋನ್ ನಂಬರ್. ಬೀದಿಬೀದಿಯ ಕಂಬಗಳಿಗೆ ಕಟ್ಟಿದ. ಅದೇ ಚಿತ್ರವನ್ನು ಅಂಗಡಿಯ ಕಂಪ್ಯೂಟರಿನಿಂದ ಸೋಷಿಯಲ್ ಮೀಡಿಯಾಕ್ಕೂ ಏರಿಸಿ, 'ದಯವಿಟ್ಟು ಎಲ್ಲರಿಗೂ ತಲುಪಿಸಿ' ಎಂದಷ್ಟೇ ಬರೆದ. ಉಳಿದದ್ದೆಲ್ಲ ಚಿತ್ರದಲ್ಲೇ ಇದೆಯಲ್ಲ! ಕಂಬಕ್ಕೆ ಒಪ್ಪಿದ್ದು ಫೋನಿಗೂ ಒಪ್ಪುತ್ತದೆ ಅಂದುಕೊಂಡಿದ್ದ, ಪುಣ್ಯಾತ್ಮ.

ಶೇರ್ ಆಗಿದ್ದೇ ಆಗಿದ್ದು.

"ಎಷ್ಟು ಜನ ನೋಡಿದ್ರೋ?" ಅಮ್ಮ ಕೇಳಿದಳು.

"ಸಾವಿರಾರು ಜನ, ಅಮ್ಮ."

"ಹಾಗಾದ್ರೆ ಸಿಗ್ತಾನೆ ಬಿಡು. ಅಷ್ಟು ಜನರ ಕಣ್ಣು ತಪ್ಪಿಸೋಕೆ ಅವನೇನು ಇರುವೆನಾ?" ಅಮ್ಮ ಪುಟ್ಟನ ತಟ್ಟೆ ತೊಳೆದು ಮೇಲಿಟ್ಟಳು.

ಆದರೆ ಒಂದು ಕರೆಯೂ ಬರಲಿಲ್ಲ. ಕಂಗಾಲಾಗಿ ಅಣ್ಣ ಫೋನಿನಲ್ಲಿ ಕಾಮೆಂಟುಗಳನ್ನು ಓದುತ್ತ ಕೂತ. 'ಅಂಗಿ ಸೂಪರ್, ಎಲ್ಲಿ ಸಿಗುತ್ತೆ?' ಇನ್ನೊಬ್ಬ, 'ದಪ್ಪ ಇರೋರಿಗೆ ಸೈಜ್ ಇದೆಯಾ?' ಇವರು ಹೊಟ್ಟೆಗೆ ಏನು ತಿನ್ನುತ್ತಾರೆ ಎಂದು ಬೈದುಕೊಳ್ಳುತ್ತ ಬೆರಳಾಡಿಸಿದಾಗ, ಬೇರೆಯವರು ಹಂಚಿದ್ದ ಅವನದೇ ಚಿತ್ರ ಎದುರಿಗೆ ಬಂತು. ಫೋನು ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ, ನಡುವಿನ ತುಂಡನ್ನಷ್ಟೇ ಚೌಕವಾಗಿ ತೋರಿಸುತ್ತಿತ್ತು. ಒತ್ತಿದರೆ ಮಾತ್ರ ಪೂರ್ತಿ ಚಿತ್ರ; ಒತ್ತದವರಿಗೆ ಮುಖವಿಲ್ಲ, ನಂಬರಿಲ್ಲ. ಊರೆಲ್ಲ ನೋಡಿದ್ದು ಒಂದು ಅಂಗಿಯನ್ನು.

ಕೂಡಲೇ ಚೌಕದೊಳಗೆ ಮುಖ, ನಂಬರ್ ಎರಡನ್ನೂ ಕೂರಿಸಿ ಮತ್ತೆ ಹಾಕಿದ. ಅದನ್ನು ಯಾರೂ ಹಂಚಲಿಲ್ಲ. ಜನ ಒಮ್ಮೆ ಪುಣ್ಯ ಕಟ್ಟಿಕೊಂಡಾಗಿತ್ತು.

ಒಂದೇ ಒಂದು ಕರೆ ಬಂತು, ಬಸ್ ಕಂಡಕ್ಟರ್ ಹೆಂಗಸಿನದು. "ಅಣ್ಣಾ, ಈಗ ಹಾಕಿರೋ ಫೋಟೋದಲ್ಲಿರೋರು ಮೊನ್ನೆ ನಮ್ಮ ಬಸ್ಸಲ್ಲಿದ್ರು. ಟಿಕೆಟ್ ಕೇಳಿದ್ರೆ ನಗ್ತಿದ್ರು. ಕೊನೇ ಸ್ಟಾಪಲ್ಲಿ, ಕೆರೆ ಹತ್ರ ಇಳಿಸಿದೆ."

"ಮೊದಲು ಹಾಕಿದ್ದನ್ನ ಫೋನಲ್ಲಿ ನೋಡಿರ್ಲಿಲ್ವಾ ತಾಯಿ?"

"ನೋಡಿದ್ದೆ. ಅಂಗಿ ಜಾಹೀರಾತು ಅಂತ ತಳ್ಳಿಬಿಟ್ಟೆ. ಯಾರು ಕೊಟ್ಟಿದ್ರೋ, ಅವರು ಕತ್ತಿನ ತನಕ ಕಂಬಳಿ ಹೊದ್ದಿದ್ರು. ಅಂಗಿ ಎಲ್ಲಿ ಕಾಣ್ಬೇಕು?" ಅವಳು ಅಳುತ್ತಿದ್ದಳು. ಅವನು ಕೆರೆಯ ಹೆಸರು ಕೇಳಿಕೊಂಡು ಫೋನಿಟ್ಟ.

ಕೆರೆಯ ಕಡೆಯ ಠಾಣೆಗೆ ಫೋನ್ ಮಾಡಿದ. "ಬೆಳಿಗ್ಗೆ ನೀರಲ್ಲಿ ಒಬ್ಬರು ಸಿಕ್ಕಿದಾರೆ. ಫೋಟೋ ಕಳಿಸ್ತೀನಿ, ಗುರುತು ಹಿಡೀರಿ," ಅಂದರು ಪೊಲೀಸಿನವರು.

ಫೋಟೋ ಬಂತು. ಉದ್ದನೆಯದು. ಫೋನು ತನ್ನ ಚಾಳಿ ಬಿಡದೆ ನಡುವಿನ ತುಂಡನ್ನಷ್ಟೇ ತೋರಿಸಿತು. ಒದ್ದೆಯಾದ ಹಳದಿ ಚೌಕಳಿ. ಮುಖ ನೋಡಬೇಕಿದ್ದರೆ ಒಮ್ಮೆ ಒತ್ತಬೇಕಿತ್ತು. ಅವನ ಬೆರಳು ಏಳಲಿಲ್ಲ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಪುಟ್ಟನದಾ? ಮುಖ ತೋರಿಸೋ!"

ಅವನು ಫೋನನ್ನು ಎದೆಗೆ ಅವುಚಿಕೊಂಡ.

"ಮುಖ ಕಾಣ್ತಿಲ್ಲಮ್ಮ," ಅಂದ. "ಅಂಗಿ ಕಾಣ್ತಿದೆ."