ಎಂಜಿನ್ ಇಲ್ಲದ ಕಾರಿನ ಬಾಗಿಲು

ದೊಡ್ಡವರು ಮಾತಾಡಬೇಕಾದ ವಿಷಯಕ್ಕೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಬೇಕು. ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಪಾಸಾದವನು ನಾನು. ಮುಳುಗುತ್ತಿರುವ ಕಾರು ಕಂಪನಿಯನ್ನು ಸರ್ಕಾರ ಎತ್ತಬೇಕೋ ಬಿಡಬೇಕೋ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆದರೆ ‘ಕಾರ್ಮಿಕರನ್ನು ಉಳಿಸಿದೆವು’ ಎಂದು ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಓದಿದಾಗಿನಿಂದ ಸಿಟ್ಟು ಇಳಿದಿಲ್ಲ. ಯಾರನ್ನು ಉಳಿಸಿದರು? ನನ್ನ ಭಾವನನ್ನಂತೂ ಅಲ್ಲ.

ಭಾವ, ಅಂದರೆ ಅಕ್ಕನ ಗಂಡ. ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವ ಕೆಲಸ ಅವರದು. ಪಕ್ಕದಲ್ಲಿ ನಿಂತು ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಒತ್ತುವುದು ನನ್ನದು. ಕಾರುಗಳು ಒಂದೊಂದಾಗಿ ಸರಿದು ಬರುವ ಲೈನಿನ ಉದ್ದಕ್ಕೂ ನಮ್ಮ ತಲೆಯ ಮೇಲೆ ಒಂದು ಹಳದಿ ಹಗ್ಗ ಹಾದುಹೋಗಿದೆ. ದೋಷ ಕಂಡವನು ಅದನ್ನು ಎಳೆಯಬೇಕು. ಎಳೆದರೆ ಗಂಟೆ ಹೊಡೆದು ಇಡೀ ಲೈನ್ ನಿಲ್ಲುತ್ತದೆ. ಎಳೆದವನನ್ನು ಯಾರೂ ಬೈಯುವಂತಿಲ್ಲ, ಕಂಡೂ ಸುಮ್ಮನಿದ್ದವನಿಗೇ ಶಿಕ್ಷೆ. ಕಂಪನಿಯೇ ಇದನ್ನು ಗೋಡೆಯ ಮೇಲೆ ಬರೆಸಿದೆ.

ಕಂಪನಿಗೆ ಎಂಜಿನ್ ಮಾರುತ್ತಿದ್ದವರು ಬಾಕಿ ಕೇಳಿ ಕೇಳಿ ಸಾಕಾಗಿ ಕಳಿಸುವುದನ್ನು ನಿಲ್ಲಿಸಿದರು. ಲೈನ್ ತಣ್ಣಗಾಯಿತು. ಅಷ್ಟರಲ್ಲಿ ಸರ್ಕಾರ ಕೈ ಹಿಡಿಯಬಹುದು ಎಂಬ ಸುದ್ದಿ ಬಂತು. ಕೈಗಾರಿಕಾ ಮಂತ್ರಿ ಒಮ್ಮೆ ಬಂದು ನೋಡಿ ತೀರ್ಮಾನಿಸುತ್ತಾರಂತೆ. ಮ್ಯಾನೇಜರ್ ನಮ್ಮನ್ನೆಲ್ಲ ಒಟ್ಟುಗೂಡಿಸಿದರು.

“ಮಂತ್ರಿ ಮೇಡಂ ಬಂದಾಗ ಲೈನ್ ಓಡ್ತಾ ಇರ್ಬೇಕು. ಎಂಜಿನ್ ಇಲ್ದಿದ್ರೆ ಏನಂತೆ? ಬಾನೆಟ್ ಮುಚ್ಚಿ. ಈ ತುದೀಲಿ ಇಳಿದ ಕಾರನ್ನ ಗೋಡೆ ಹಿಂದಿಂದ ತಳ್ಳಿಕೊಂಡು ಹೋಗಿ ಮತ್ತೆ ಆ ತುದೀಲಿ ಹತ್ಸಿ.”

“ಹೆಣಕ್ಕೆ ಶೃಂಗಾರ ಅನ್ನಿ ಸಾರ್,” ಎಂದ ಪೇಂಟಿನವನು. ಸಿನಿಮಾ ಹಾಡನ್ನೆಲ್ಲ ಶಿಳ್ಳೆಯಲ್ಲೇ ಹಾಡುವುದರಿಂದ ಅವನನ್ನು ಶಿಳ್ಳೆ ಎನ್ನುತ್ತೇವೆ.

“ಹೆಣ ಎದ್ರೆ ನಿನಗೂ ಊಟ, ನನಗೂ ಊಟ. ತಳ್ಳಪ್ಪ ಸುಮ್ನೆ,” ಎಂದರು ಮ್ಯಾನೇಜರ್. ಎಲ್ಲರೂ ನಕ್ಕೆವು. ಆಮೇಲೆ ಭಾವನನ್ನು ಕೇಳಿದೆ: “ಇದು ಮೋಸ ಅಲ್ವಾ ಭಾವ?”

“ಮೋಸಾನೇ ಕಣೋ ಪಂಡಿತ. ಆದ್ರೆ ನಿಮ್ಮಕ್ಕ ಒಲೆ ಮೇಲೆ ನಿನ್ನ ಪುಸ್ತಕ ಬೇಯಿಸ್ತಾಳಾ?”

ಮಂತ್ರಿಗಳು ಬಂದರು. ಲೈನ್ ಓಡಿತು. ಗೋಡೆಯ ಹಿಂದೆ ನಮ್ಮವರು ಬೆವರಿಳಿಸಿಕೊಂಡು ತಳ್ಳುತ್ತಿದ್ದರು. ಆತುರದಲ್ಲಿ ಯಾರೋ ತೆರೆದ ಬಾಗಿಲನ್ನೇ ಹಿಡಿದು ತಳ್ಳಿರಬೇಕು. ಎರಡನೇ ಸುತ್ತಿಗೆ ಬಂದ ಕೆಂಪು ಕಾರಿನ ಬಾಗಿಲು ಕೀಲಿನಿಂದ ಜಗ್ಗಿತ್ತು. ಭಾವ ಎಂದಿನಂತೆ ಸಂದಿನಲ್ಲಿ ಉಗುರು ಓಡಿಸಿದರು. ಸಂದು ಸಮವಿರಲಿಲ್ಲ, ಉಗುರು ಸಿಕ್ಕಿಕೊಂಡಿತು. ಮರುಕ್ಷಣ ಅವರ ಕೈ ಮೇಲಕ್ಕೆ ಹೋಗಿ ಹಗ್ಗ ಎಳೆದುಬಿಟ್ಟಿತು.

ಗಂಟೆ ಹೊಡೆಯಿತು. ಲೈನ್ ನಿಂತಿತು. ಭಾವನ ಮುಖ ನೋಡಿದೆ. ಕೈ ಮಾಡಿದ್ದು ತಲೆಗೆ ತಿಳಿದದ್ದು ಆಗಲೇ. ಮುಖ ಬಿಳಿಚಿಕೊಂಡಿತು.

“ಏನಾಯ್ತು?” ಮಂತ್ರಿಗಳು ನಮ್ಮ ಬಳಿಗೇ ಬಂದರು.

“ಬಾಗಿಲು ಜಗ್ಗಿದೆ ಅಮ್ಮಾ. ಹೀಗೇ ಬಿಟ್ರೆ ನೀರು ಒಳಗೆ ಬರುತ್ತೆ.”

“ನೋಡಿ, ಎಂಥ ನಿಯತ್ತಿನ ಜನ!” ಎಂದು ಅವರು ಜೊತೆಯವರ ಕಡೆ ತಿರುಗಿದರು. ಫೋಟೋದವನು ಬಿಡಬೇಕಲ್ಲ! “ಮೇಡಂ, ಅದೇ ಕಾರಲ್ಲಿ ಒಂದ್ಸಲ ಕೂತ್ಕೊಳ್ಳಿ, ಸ್ಟಾರ್ಟ್ ಮಾಡಿ” ಎಂದ. ಅವರು ಕೂತರು. ಕೀ ತಿರುಗಿಸಿದರು. ಸದ್ದೇ ಇಲ್ಲ. ಮತ್ತೊಮ್ಮೆ ತಿರುಗಿಸಿದರು.

“ಬ್ಯಾಟರಿ ಇಳಿದಿರ್ಬೇಕು ಮೇಡಂ,” ಎಂದರು ಮ್ಯಾನೇಜರ್.

ಅವರು ಇಳಿದು ಮುಚ್ಚಿದ ಬಾನೆಟ್ಟನ್ನು ಒಂದು ಗಳಿಗೆ ನೋಡಿದರು. ತೆಗೆಯಿರಿ ಎನ್ನಲಿಲ್ಲ. ನಕ್ಕು ಮುಂದೆ ಹೋದರು.

ವಾರ ಕಳೆಯುವುದರೊಳಗೆ ಸರ್ಕಾರದ ನೆರವು ಘೋಷಣೆಯಾಯಿತು. ಶಿಳ್ಳೆ ಮೇಜು ಹತ್ತಿ ಕುಣಿದ. ಆ ಗದ್ದಲದ ನಡುವೆಯೇ ಭಾವನಿಗೆ ವಿಚಾರಣೆಗೆ ಕರೆ ಬಂತು: ಬೇಕೆಂದೇ ಲೈನ್ ನಿಲ್ಲಿಸಿ ಕಂಪನಿಯ ಮಾನ ತೆಗೆದರಂತೆ. ಪಕ್ಕದಲ್ಲಿದ್ದವನು ನಾನಾದ್ದರಿಂದ ಸಾಕ್ಷಿಯೂ ನಾನೇ. ವಿಚಾರಣೆಯ ಹಿಂದಿನ ದಿನ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದು ಕುರ್ಚಿ ಕೊಟ್ಟರು. ಅಲ್ಲಿವರೆಗೆ ನನಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

“ನಿಮ್ಮ ಭಾವಂಗೆ ನಮ್ಮ ಮೇಲೆ ಹಳೇ ಸಿಟ್ಟಿತ್ತು ಅನ್ನು, ಸಾಕು. ಓದಿದೋನು ನೀನು, ಆಫೀಸಲ್ಲಿ ಒಂದು ಜಾಗ ನೋಡೋಣ.”

ಹೊರಗೆ ಶಿಳ್ಳೆ ಕಾದಿದ್ದ. “ನಿಮ್ಮ ಭಾವನ ಕೈ ನಮ್ಮೆಲ್ಲರ ಹೊಟ್ಟೆ ಮೇಲೆ ಬೀಳೋದ್ರಲ್ಲಿತ್ತು, ಮರೀಬೇಡ.” ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಪೊಳ್ಳು ಕಾರು ತಳ್ಳಿಸಿದವರ ಮೇಲೆ ಯಾರಿಗೂ ಕೋಪವಿಲ್ಲ! ಬರೆದ ನಿಯಮದಂತೆ ನಡೆದ ಕೈಯೊಂದೇ ಅಪರಾಧಿ!

ವಿಚಾರಣೆಯಲ್ಲಿ ನನ್ನನ್ನು ಕರೆದರು. ನಾನು ಹೇಳಿದೆ: “ಸಾರ್, ಬಾಗಿಲು ಜಗ್ಗಿದ್ದು ನಿಜ. ಹಗ್ಗ ಎಳೀಬೇಕು ಅಂತ ಗೋಡೆ ಮೇಲೆ ನೀವೇ ಬರೆಸಿದ್ದೀರಿ. ಆ ಕಾರಲ್ಲಿ ಎಂಜಿನ್ನೇ ಇರ್ಲಿಲ್ಲ. ಅದನ್ನ ಲೈನಿಗೆ ಹತ್ಸಿದ್ದು ಯಾರು ಅಂತ ಕೇಳೋದಿಲ್ವಾ?”

“ಕೇಳಿದ್ದಕ್ಕಷ್ಟೇ ಉತ್ತರ ಕೊಡು,” ಎಂದರು ವಿಚಾರಣೆಯವರು.

ಭಾವನನ್ನು ತೆಗೆದುಹಾಕಿದರು. ಆಫೀಸಿನ ಜಾಗ ಇನ್ಯಾರಿಗೋ ಹೋಯಿತು; ನಾನು ಇನ್ನೂ ರಬ್ಬರ್ ಪಟ್ಟಿಯಲ್ಲೇ ಇದ್ದೇನೆ. ಸಂಜೆ ಕಾಲೇಜಿನ ಮೇಷ್ಟ್ರಿಗೆ ಕಥೆ ಹೇಳಿದರೆ, “ಅದಕ್ಕೇ ಹೇಳೋದು, ಸೋತ ಕಂಪನೀನ ಮುಳುಗೋಕೆ ಬಿಟ್ಬಿಡ್ಬೇಕು” ಎಂದರು, ಬೋರ್ಡು ಒರೆಸುತ್ತಾ. ಅಷ್ಟು ಸಲೀಸಾಗಿ! ಮುಳುಗುವಾಗ ಒಳಗೆ ಯಾರಿರುತ್ತಾರೆ ಎಂದು ಕೇಳಬೇಕೆನಿಸಿತು. ಎದ್ದು ಅಕ್ಕನ ಮನೆಗೆ ನಡೆದೆ.

ಅಡುಗೆಮನೆಯಲ್ಲಿ ಕೂತು ನಾನು ಎಲ್ಲರನ್ನೂ ಬೈಯುತ್ತಿದ್ದರೆ ಭಾವ ತಡೆದರು. “ಉಳಿಸಿದ್ದು ಒಳ್ಳೇದೇ ಆಯ್ತು ಕಣೋ. ಶಿಳ್ಳೆಗೆ ಮೂರು ಮಕ್ಕಳು.”

“ನಿಮಗೂ ಇದಾರಲ್ಲ!” ಎಂದು ಅಕ್ಕ ತಟ್ಟೆಯನ್ನು ಠಣ್ಣೆಂದು ಇಟ್ಟಳು. ಭಾವ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ನಾನು ಎಂಜಿನ್ನಿನ ಮಾತೆತ್ತದೆ ಬಾಗಿಲಿನ ಮಾತಷ್ಟೇ ಆಡಿದ್ದರೆ ಭಾವನ ಕೆಲಸ ಉಳಿಯುತ್ತಿತ್ತೇ? ಗೊತ್ತಿಲ್ಲ. ಮುಚ್ಚಿದ ಬಾನೆಟ್ಟಿನೊಳಗೆ ಏನೂ ಇಲ್ಲವೆಂದು ಆ ಮಂತ್ರಿಗಳಿಗೆ ಗೊತ್ತಿತ್ತೇ? ಗೊತ್ತಿದ್ದೇ ನಕ್ಕರೆ, ಅದು ನಮ್ಮ ಮೇಲಿನ ಕರುಣೆಯೋ ಇನ್ನೇನೋ, ಅದೂ ನನಗೆ ಗೊತ್ತಿಲ್ಲ.